ಬೆಲ್ಟೋ ಚೈನೋ ಎಂದು ಕೇಳಿದ ಅಳಿಯನಿಗೆ

ಬೆಲ್ಟ್ ಗಾಡಿ ತಗೊಳ್ಳಲೋ ಚೈನ್ ಗಾಡಿ ತಗೊಳ್ಳಲೋ ಮಾವ ಅಂತ ಕೇಳಿದ್ದೀಯ. ಒಂದೇ ಮಾತಲ್ಲಿ ಬೇಕು ಅಂದರೆ, ನಿನಗೆ ಚೈನ್. ಅದೂ ಪೂರ್ತಿ ಮುಚ್ಚಿದ ಕವರ್ ಇರುವ ಚೈನ್. ತುಮಕೂರಲ್ಲಿ ಓದುತ್ತಿರುವ ನಿನ್ನ ತಂಗಿಗಾದರೆ ಬೆಲ್ಟ್. ಒಂದೇ ಮನೆಯವರಿಗೆ ಎರಡು ಉತ್ತರ ಯಾಕೆ ಅಂತ ನೀನು ಕೇಳೇ ಕೇಳುತ್ತೀಯ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಶೋರೂಮಿನವರಿಗೆ ಗಾಡಿ ಚೆನ್ನಾಗಿ ಗೊತ್ತು, ಆದರೆ ನಿನ್ನ ದಾರಿ ಗೊತ್ತಿಲ್ಲ. ಕುಣಿಗಲ್ಲಿಂದ ಹುಲಿಯೂರುದುರ್ಗದ ರಸ್ತೆ ಹಿಡಿದು, ಅಲ್ಲಿಂದ ಒಳಗೆ ತಿರುಗಿ ನಿಮ್ಮೂರು ಸೇರುವವರೆಗೆ ಆ ಗಾಡಿ ಏನೇನು ತಿನ್ನುತ್ತದೆ ಅಂತ ಅವರು ನೋಡಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೊ. ಆಕ್ಟಿವಾ, ಜುಪಿಟರ್ ತರದ ಪೆಟ್ರೋಲ್ ಸ್ಕೂಟರಿನಲ್ಲೂ ಬೆಲ್ಟ್ ಇದೆ. ಅದು ಗೇರ್ ಹಾಕುವ ಕೆಲಸ ತಪ್ಪಿಸಲು ಇರುವ ವಿ-ಬೆಲ್ಟ್, ಎಡಗಡೆಯ ಡಬ್ಬಿಯೊಳಗೆ ಕೂತಿರುತ್ತದೆ. ಅದರಾಚೆ ಹಿಂದಿನ ಚಕ್ರ ತಿರುಗಿಸುವುದು ಗೇರುಗಳು. ನೀನು ಕೇಳುತ್ತಿರುವುದು ಆ ಬೆಲ್ಟಿನ ವಿಷಯವಲ್ಲ. ಇಂಜಿನ್ನಿನಿಂದಲೋ ಮೋಟಾರಿನಿಂದಲೋ ಹೊರಟ ಶಕ್ತಿಯನ್ನು ಕೊನೆಗೆ ಹಿಂದಿನ ಚಕ್ರಕ್ಕೆ ಮುಟ್ಟಿಸುವ, ಹೊರಗೆ ಕಾಣುವ ಹಲ್ಲಿನ ಬೆಲ್ಟಿನ ವಿಷಯ. ಇನ್ನು ಟಿವಿಎಸ್ ಐಕ್ಯೂಬ್ ತರದವಕ್ಕೆ ಚೈನೂ ಇಲ್ಲ, ಬೆಲ್ಟೂ ಇಲ್ಲ, ಮೋಟಾರೇ ಚಕ್ರದೊಳಗೆ ಇದೆ. ಬಿಎಂಡಬ್ಲ್ಯುನ ದೊಡ್ಡ ಗಾಡಿಗಳಲ್ಲಿ ಇರುವ ಶಾಫ್ಟ್ ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಬಿಡು.

ಬೆಲ್ಟ್ ಅಂದರೆ ಹೊಸದು, ಚೈನ್ ಅಂದರೆ ಹಳೇದು ಅಂತ ನಿನ್ನ ಸ್ನೇಹಿತರು ಹೇಳಿದರಂತೆ. ಕಥೆ ತಿರುವುಮುರುವು. ನೂರಿಪ್ಪತ್ತು ವರ್ಷದ ಹಿಂದೆ ಮೋಟಾರ್ ಸೈಕಲ್ಲುಗಳು ಹರಡತೊಡಗಿದಾಗ ಅವುಗಳಿಗೆ ಹೆಚ್ಚಾಗಿ ಇದ್ದದ್ದು ಚರ್ಮದ ಬೆಲ್ಟೇ. ಹಾರ್ಲೆ ಡೇವಿಡ್‌ಸನ್‌ನ ಮೊದಲ ಗಾಡಿಗಳೂ ಹಾಗೇ ಓಡಿದವು. ನಮ್ಮ ಊರ ಹಿಟ್ಟಿನ ಗಿರಣಿಯಲ್ಲಿ ಹಳೇ ಕಾಲದ ಚಪ್ಪಟೆ ಬೆಲ್ಟ್ ಜಾರಿದಾಗ ಗಿರಣಿಯವರು ರಾಳ ಹಚ್ಚುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿದೆ. ಮಳೆ ಬಿದ್ದರೆ ಗಾಡಿಯ ಚರ್ಮದ ಬೆಲ್ಟಿಗೂ ಅದೇ ಗತಿ, ಇಂಜಿನ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಆ ಕಷ್ಟಕ್ಕೆ ಪರಿಹಾರವಾಗಿ ಗಾಡಿಗಳಿಗೆ ಬಂದದ್ದು ಅದಕ್ಕೂ ಮೊದಲೇ ಇದ್ದ ರೋಲರ್ ಚೈನ್. ಹಾನ್ಸ್ ರೆನಾಲ್ಡ್ ಎಂಬ ಸ್ವಿಟ್ಜರ್ಲೆಂಡ್ ಮೂಲದವನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅದನ್ನು ಕಂಡುಹಿಡಿದು 1880ರಲ್ಲಿ ಪೇಟೆಂಟ್ ಪಡೆದ. ನಿಮ್ಮಪ್ಪನ ಸೈಕಲ್ಲಿನಲ್ಲೂ ಇವತ್ತಿನ ಸ್ಪ್ಲೆಂಡರಿನಲ್ಲೂ ಇರುವುದು ಬಹುತೇಕ ಅದೇ ಚೈನ್. ಪಿನ್ನು, ಅದರ ಮೇಲೆ ಬುಷ್ಷು, ಬುಷ್ಷಿನ ಮೇಲೆ ತಿರುಗುವ ರೋಲರು, ಎರಡೂ ಪಕ್ಕ ಪ್ಲೇಟು. ಒಂದೂವರೆ ಶತಮಾನದ ಹತ್ತಿರ ಬಂದರೂ ಅದನ್ನು ಬದಲಿಸುವ ಅಗತ್ಯ ಬೀಳಲಿಲ್ಲ ಅಂದರೆ ಅದು ಎಂಥ ಕೆಲಸಗಾರಿಕೆ ಯೋಚನೆ ಮಾಡು.

ಬೆಲ್ಟ್ ಮರಳಿ ಬಂದದ್ದು ಹಲ್ಲು ಕಟ್ಟಿಸಿಕೊಂಡು. ಹಾರ್ಲೆಯವರು 1980ರಲ್ಲಿ ಸ್ಟರ್ಜಿಸ್ ಎಂಬ ಗಾಡಿಗೆ ಹಲ್ಲಿನ ಬೆಲ್ಟ್ ಹಾಕಿದರು, ಮುಂದೆ ತಮ್ಮ ಹೆಚ್ಚಿನ ದೊಡ್ಡ ಗಾಡಿಗಳಿಗೆ ಅದನ್ನೇ ಮಾಡಿಕೊಂಡರು. ಈ ಬೆಲ್ಟ್ ಬರೀ ರಬ್ಬರ್ ಅಲ್ಲ. ಹೊರಗೆ ರಬ್ಬರೋ ಪಾಲಿಯುರೆಥೇನೋ ಇರುತ್ತದೆ, ಒಳಗೆ ಉದ್ದಕ್ಕೂ ಅರಮಿಡ್ ಇಲ್ಲವೇ ಕಾರ್ಬನ್ ನೂಲಿನ ಹುರಿಗಳು. ಎಳೆತ ತಡೆಯುವುದು ಆ ಹುರಿಗಳು. ಹಲ್ಲು ಇರುವುದರಿಂದ ಜಾರುವುದಿಲ್ಲ, ನೀರಿಗೆ ತುಕ್ಕು ಹಿಡಿಯುವುದಿಲ್ಲ, ಎಣ್ಣೆ ಬೇಡ, ಸದ್ದಿಲ್ಲ. ಚೊಕ್ಕಟವಾಗಿ ಓಡುತ್ತದೆ. ಒಳ್ಳೆ ರಸ್ತೆಯಲ್ಲಿ ಒಳ್ಳೆ ಬೆಲ್ಟ್ ಸರಿಯಾದ ಚೈನಿಗಿಂತ ಹೆಚ್ಚು ಕಾಲ ಬಾಳುತ್ತದೆ, ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಮೈಲೇಜಿನ ಮಾತೂ ಕೇಳಿದ್ದೀಯ. ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಎರಡೂ ಸರಿಯಾಗಿದ್ದರೆ ನೂರಕ್ಕೆ ತೊಂಬತ್ತೇಳು ತೊಂಬತ್ತೆಂಟು ಪಾಲು ಶಕ್ತಿ ಚಕ್ರಕ್ಕೆ ಮುಟ್ಟುತ್ತದೆ. ಒಣಗಿ ಕೆಂಪು ಹಿಡಿದ ಚೈನ್ ಮಾತ್ರ ಶಕ್ತಿ ತಿನ್ನುತ್ತದೆ, ಅದು ಚೈನಿನ ತಪ್ಪಲ್ಲ.

ಎಲೆಕ್ಟ್ರಿಕ್ ಗಾಡಿಗಳು ಬಂದ ಮೇಲೆ ನಮ್ಮ ಕಡೆ ಬೆಲ್ಟಿನ ಹೆಸರು ಎಲ್ಲರ ಬಾಯಿಗೆ ಬಂತು. ಬೆಂಗಳೂರಿನ ಎಥರ್ ಕಂಪನಿ 2018ರಲ್ಲಿ ಬಿಟ್ಟ 450 ಸ್ಕೂಟರಿಗೆ ಬೆಲ್ಟ್ ಇತ್ತು. 2019ರಲ್ಲಿ ಬಂದ ರಿವೋಲ್ಟ್ ಆರ್‌ವಿ 400 ಬೈಕಿಗೂ ಬೆಲ್ಟ್. ಕಾರಣ ಸರಳ. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ ಸದ್ದಿನಲ್ಲಿ ಚೈನಿನ ಸದ್ದು ಮುಚ್ಚಿಹೋಗುತ್ತದೆ. ಮೋಟಾರಿಗೆ ಸದ್ದೇ ಇಲ್ಲ, ಆದ್ದರಿಂದ ಚೈನಿನ ಕಿರಿಕಿರಿ ಕಿವಿಗೆ ಹೊಡೆಯುತ್ತದೆ. ಇನ್ನೊಂದೂ ಇದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಥ್ರಾಟಲ್ ಬಿಟ್ಟಾಗ ಚಕ್ರವೇ ಮೋಟಾರನ್ನು ತಿರುಗಿಸಿ ಬ್ಯಾಟರಿಗೆ ಒಂದಿಷ್ಟು ಕರೆಂಟ್ ತುಂಬುತ್ತದೆ. ಆಗ ಎಳೆತ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಬದಲಾಗುತ್ತದೆ. ಸಡಿಲ ಇರುವ ಚೈನ್ ಆದರೆ ಪ್ರತಿ ಸಲವೂ ಟಕ್ ಎನ್ನುತ್ತದೆ, ಬೆಲ್ಟ್ ಅದನ್ನು ನುಂಗಿಕೊಳ್ಳುತ್ತದೆ.

ಹಾಗಿದ್ದರೆ ಎಲ್ಲರೂ ಬೆಲ್ಟನ್ನೇ ಹಾಕಬೇಕಿತ್ತಲ್ಲ? ಹಾಕಲಿಲ್ಲ. ಬೆಂಗಳೂರಿನದೇ ಆದ ಅಲ್ಟ್ರಾವಯೊಲೆಟ್ ಕಂಪನಿಯ ಎಫ್ 77, 2022ರಲ್ಲಿ ಬಂದದ್ದು, ಚೈನ್ ಗಾಡಿ. ಬೆಲ್ಟಿನಿಂದ ಶುರು ಮಾಡಿದ ರಿವೋಲ್ಟಿನವರು 2024ರ ಆರ್‌ವಿ 1ಕ್ಕೆ ಚೈನ್ ಹಾಕಿದರು. ಬೆಲ್ಟ್ ಹಾಕುತ್ತಿದ್ದ ಓಲಾ ಕೂಡ 2025ರ ಜನವರಿಯಲ್ಲಿ ಬಿಟ್ಟ ಮೂರನೇ ತಲೆಮಾರಿನ ಎಸ್ 1 ಸ್ಕೂಟರುಗಳಿಗೆ ಚೈನ್ ತಂದಿತು. ಅಷ್ಟೇ ಯಾಕೆ, ಬೆಲ್ಟಿಗೇ ಹೆಸರಾದ ಹಾರ್ಲೆಯವರ ಹೆಸರಲ್ಲಿ 2023ರಲ್ಲಿ ನಮ್ಮ ದೇಶದಲ್ಲಿ ಬಂದ ಎಕ್ಸ್ 440 ಓಡುವುದು ಚೈನಿನ ಮೇಲೆ. ಎಳೆತ ಹೆಚ್ಚಾದಷ್ಟೂ ಬೆಲ್ಟ್ ಅಗಲವಾಗಬೇಕು, ಪುಲ್ಲಿಗಳು ದೊಡ್ಡದಾಗಬೇಕು, ಖರ್ಚು ಏರುತ್ತದೆ. ಅಷ್ಟೇ ಎಳೆತವನ್ನು ಕಿರಿದಾದ ಒಂದು ಚೈನ್ ಕಡಿಮೆ ದುಡ್ಡಿನಲ್ಲಿ ತಡೆಯುತ್ತದೆ. ಹೊಸ ಕಂಪನಿಗಳೇ ಚೈನಿನ ಕಡೆ ಹೊರಳಿರುವಾಗ, ಚೈನ್ ಹಳೇ ಕಾಲದ್ದು ಅನ್ನುವ ಮಾತು ನಿಲ್ಲುವುದಿಲ್ಲ.

ಈಗ ನಿನ್ನ ದಾರಿಗೆ ಬರೋಣ.

ನೆಲಮಂಗಲದ ಕೆಲಸಕ್ಕೆ ಹೆದ್ದಾರಿ ಹಿಡಿದರೆ ನಲವತ್ತೈದು ಕಿಲೋಮೀಟರ್ ನುಣ್ಣಗಿನ ರಸ್ತೆ. ಅಲ್ಲಿ ಬೆಲ್ಟಿಗೂ ತೊಂದರೆ ಇಲ್ಲ, ಚೈನಿಗೂ ತೊಂದರೆ ಇಲ್ಲ. ಕಷ್ಟ ಶುರುವಾಗುವುದು ಡಾಂಬರು ಮುಗಿದ ಮೇಲೆ. ತೋಟದ ದಾರಿಯ ಕೆಮ್ಮಣ್ಣು, ಎಂ-ಸ್ಯಾಂಡ್ ಲಾರಿಗಳು ತಿರುವಿನಲ್ಲಿ ಚೆಲ್ಲಿ ಹೋದ ಪುಡಿ, ರಸ್ತೆ ರಿಪೇರಿಗೆ ಹಾಕಿ ರೋಲರ್ ಓಡಿಸದೇ ಬಿಟ್ಟ ಜಲ್ಲಿ. ಈ ಜಲ್ಲಿಯೇ ಬೆಲ್ಟಿನ ಮುಖ್ಯ ಶತ್ರು. ಒಂದು ಚೂಪಾದ ಕಲ್ಲು ಚಕ್ರದಿಂದ ಸಿಡಿದು ಬೆಲ್ಟಿಗೂ ಪುಲ್ಲಿಗೂ ನಡುವೆ ಸಿಕ್ಕಿತು ಅನ್ನು. ಬೆಲ್ಟ್ ಅದನ್ನು ಅರೆಯಲಾರದು, ಕಲ್ಲೇ ಬೆಲ್ಟನ್ನು ತೂತು ಮಾಡುತ್ತದೆ, ಇಲ್ಲವೇ ಒಳಗಿನ ನಾಲ್ಕು ಹುರಿ ಕತ್ತರಿಸುತ್ತದೆ. ಹೊರಗಿನಿಂದ ಒಂದು ಸಣ್ಣ ಚುಕ್ಕೆ ಕಾಣುತ್ತದೆ ಅಷ್ಟೇ. ಗಾಡಿ ಓಡುತ್ತಲೇ ಇರುತ್ತದೆ. ಮುಂದೆ ಯಾವತ್ತೋ ಒಂದು ದಿನ, ಏರಿನಲ್ಲಿ ಭಾರ ಬಿದ್ದಾಗ, ಉಳಿದ ಹುರಿಗಳು ಒಟ್ಟಿಗೇ ಕೈಬಿಡುತ್ತವೆ.

ಚೈನ್ ಹಾಗೆ ಮಾಡುವುದಿಲ್ಲ. ಅದು ತಿಂಗಳುಗಟ್ಟಲೆ ಮೊದಲೇ ಹೇಳುತ್ತದೆ. ಕರಕರ ಎನ್ನುತ್ತದೆ, ಸಡಿಲವಾಗುತ್ತದೆ, ಗೇರ್ ಬದಲಿಸಿದಾಗ ಜಗ್ಗುತ್ತದೆ, ಸ್ಪ್ರಾಕೆಟಿನ ಹಲ್ಲು ಒಂದು ಕಡೆಗೆ ಬಾಗಿ ಕೊಕ್ಕೆಯಾಗುತ್ತದೆ. ಕೇಳುವ ಕಿವಿ, ನೋಡುವ ಕಣ್ಣು ಇರಬೇಕು. ಹಾಗೆಂದು ಚೈನಿಗೆ ಧೂಳಿನ ಭಯ ಇಲ್ಲವೆಂದಲ್ಲ. ಎಣ್ಣೆ ಹಚ್ಚಿದ ಚೈನಿಗೆ ಕೆಮ್ಮಣ್ಣು ಮೆತ್ತಿದರೆ ಅದು ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಪಿನ್ನನ್ನೂ ಬುಷ್ಷನ್ನೂ ದಿನದಿನವೂ ಸವೆಸುತ್ತದೆ. ಚೈನ್ ಉದ್ದವಾಯಿತು ಅಂತ ನಾವು ಹೇಳುತ್ತೇವಲ್ಲ, ಅದರ ಪ್ಲೇಟುಗಳು ಹಿಗ್ಗಿರುವುದಿಲ್ಲ. ನೂರರ ಆಸುಪಾಸು ಇರುವ ಕೊಂಡಿಗಳಲ್ಲಿ ಪ್ರತಿಯೊಂದು ಪಿನ್ನೂ ಕೂದಲೆಳೆಯಷ್ಟು ಸವೆದು, ಎಲ್ಲ ಸೇರಿ ಬೆರಳಗಲದಷ್ಟು ಉದ್ದವಾಗಿ ಕಾಣುತ್ತದೆ.

ಇನ್ನೊಂದು ಶತ್ರು ಇದೆ. ಶೋರೂಮಿನವರಿಗೆ ಗೊತ್ತೇ ಇರದ, ನಮ್ಮ ಕಡೆಯವರಿಗೆ ಮಾತ್ರ ಗೊತ್ತಿರುವ ಶತ್ರು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡುವ ಒಕ್ಕಣೆ. ಕಣ ಮಾಡಿ ರೋಣಗಲ್ಲು ಹೊಡೆಯುವವರು ಕಡಿಮೆಯಾದ ಮೇಲೆ ರಾಗಿ, ಹುರುಳಿಯನ್ನೆಲ್ಲ ಡಾಂಬರಿನ ಮೇಲೆ ಹಾಸಿ ಓಡುವ ಗಾಡಿಗಳಿಂದಲೇ ತುಳಿಸುತ್ತಾರೆ. ಹಾಸಬೇಡಿ ಅಂತ ಪೊಲೀಸರು, ತಾಲ್ಲೂಕು ಕಚೇರಿಯವರು ಹೇಳುತ್ತಲೇ ಇದ್ದಾರೆ, ಹಾಸುವುದು ನಿಂತಿಲ್ಲ. ಅದರಲ್ಲೂ ಹುರುಳಿಯ ಬಳ್ಳಿ ಬಹಳ ಕೆಟ್ಟದ್ದು. ಹಗ್ಗದ ಹಾಗೆ ಹೆಣೆದುಕೊಂಡು ಹಿಂದಿನ ಚಕ್ರದ ಹಬ್ಬಿಗೆ, ಮುಂದಿನ ಸ್ಪ್ರಾಕೆಟಿಗೆ ಸುತ್ತಿಕೊಳ್ಳುತ್ತದೆ. ಚೈನ್ ಗಾಡಿಯಲ್ಲಿ ಅದನ್ನು ಬಿಡಿಸದೇ ಓಡಿಸಿದರೆ ಮುಂದಿನ ಸ್ಪ್ರಾಕೆಟಿನ ಹಿಂದೆ ಇರುವ ಆಯಿಲ್ ಸೀಲಿಗೆ ನಾರು ನುಗ್ಗಿ ಇಂಜಿನ್ ಆಯಿಲ್ ಸೋರಲು ಶುರುವಾಗುತ್ತದೆ. ಬೆಲ್ಟ್ ಗಾಡಿಯಲ್ಲಿ ಇನ್ನೂ ತಾಪತ್ರಯ. ಪುಲ್ಲಿಯ ಹಲ್ಲಿನ ಸಂದಿಗೆ ಹುಲ್ಲು ತುಂಬಿಕೊಂಡರೆ ಬೆಲ್ಟ್ ಮೇಲೇರುತ್ತದೆ, ಬಿಗಿ ಮಿತಿ ಮೀರುತ್ತದೆ, ಬೇರಿಂಗಿಗೆ ಹೊರೆ ಬೀಳುತ್ತದೆ, ಅಂಚು ಹರಿಯುತ್ತದೆ. ಪಕ್ಕದಲ್ಲಿ ಮಣ್ಣಿನ ದಾರಿ ಇದ್ದರೆ ಒಕ್ಕಣೆಯ ಮೇಲೆ ಹೋಗಲೇಬೇಡ. ಹೋಗಲೇಬೇಕಾಗಿ ಬಂದರೆ ನಿಧಾನಕ್ಕೆ ದಾಟು, ಬ್ರೇಕ್ ಒತ್ತಬೇಡ, ಜಾರುತ್ತದೆ. ದಾಟಿದ ಮೇಲೆ ಇಂಜಿನ್ ಆರಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರಕ್ಕೆ ಸುತ್ತಿದ್ದನ್ನು ಕೈಯಲ್ಲಿ ಬಿಡಿಸಿ ಮುಂದೆ ಹೋಗು. ಡಬಲ್ ಸ್ಟ್ಯಾಂಡ್ ಇಲ್ಲದ ಗಾಡಿ ನಮ್ಮ ಊರಿಗೆ ಆಗದು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಇಷ್ಟೆಲ್ಲ ಕಷ್ಟಕ್ಕೂ ಒಂದು ಮದ್ದು ನಮ್ಮ ರಾಜ್ಯದಲ್ಲೇ ಇತ್ತು. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಕೆಲಸ ಶುರು ಮಾಡಿದ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಆ ಜಾವಾ ಗಾಡಿಗೆ, ಎಪ್ಪತ್ತರ ದಶಕದಲ್ಲಿ ಅದೇ ಕಾರ್ಖಾನೆಯಿಂದ ಬಂದ ಯೆಜ್ಡಿಗೆ, ಚೈನು ಹೊರಗೆ ಕಾಣುತ್ತಲೇ ಇರಲಿಲ್ಲ. ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆಯೂ ತಗಡಿನ ಚೈನ್‌ಕೇಸ್. ಧೂಳಿಲ್ಲ, ಮಳೆಯಿಲ್ಲ, ಹಚ್ಚಿದ ಎಣ್ಣೆ ಸಿಡಿದುಹೋಗುವುದಿಲ್ಲ, ಸೀರೆಯ ಸೆರಗು ಸಿಕ್ಕುವುದಿಲ್ಲ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಇವತ್ತಿಗೂ ಹಳೇ ಯೆಜ್ಡಿ ಇಟ್ಟುಕೊಂಡವರನ್ನು ಕೇಳು, ಪೆಟ್ರೋಲಿನ ಬಗ್ಗೆ ಗೊಣಗುತ್ತಾರೆ, ಚೈನಿನ ಬಗ್ಗೆ ಗೊಣಗುವವರು ಸಿಗುವುದು ಕಷ್ಟ. ಸ್ಪ್ಲೆಂಡರ್ ತರದ ನೂರು ಸಿಸಿ ಗಾಡಿಗಳಿಗೆ ಪೂರ್ತಿ ಕವರ್ ಉಳಿದುಕೊಂಡಿತು. ಆದರೆ ನೂರೈವತ್ತು ಸಿಸಿ ದಾಟಿದ ಕೂಡಲೇ ಹೆಚ್ಚಿನ ಗಾಡಿಗಳಲ್ಲಿ ನೋಟ ಚೆನ್ನಾಗಿ ಕಾಣಲಿ ಅಂತ ಕವರನ್ನು ತೆಗೆದು ಮೇಲೊಂದು ಪಟ್ಟಿ ಮಾತ್ರ ಬಿಟ್ಟರು. ನನಗೆ ಇದು ಸಹಿಸಲಾಗದ ವಿಷಯ. ಹಳ್ಳಿ ರಸ್ತೆಯಲ್ಲಿ ಓಡಬೇಕಾದ ಗಾಡಿಗೆ ರೇಸಿನ ಗಾಡಿಯ ಮೈ ಕೊಟ್ಟು, ಚೈನ್ ಬೇಗ ಹೋಯಿತು ಅಂತ ಚೈನನ್ನು ದೂರುತ್ತಾರೆ. ನೀನು ಬೆಲ್ಟೋ ಚೈನೋ ಅಂತ ಕೇಳುವ ಮೊದಲು ಮುಚ್ಚಿದೆಯೋ ತೆರೆದಿದೆಯೋ ಅಂತ ಕೇಳಬೇಕಿತ್ತು. ಬೆಲ್ಟ್ ಗಾಡಿ ನೋಡಿದರೂ ಅದನ್ನೇ ನೋಡು. ಕೆಳಗಿನ ಸಾಲಿಗೆ ಅಡ್ಡ ಇದೆಯಾ, ಕಲ್ಲು ಒಳಗೆ ಬೀಳದ ಹಾಗೆ ಮಾಡಿದ್ದಾರಾ ಅಂತ ಬಗ್ಗಿ ನೋಡು.

ಸೆರಗಿನ ಮಾತು ಬಂತಲ್ಲ, ಅದನ್ನು ಮುಗಿಸುತ್ತೇನೆ. ಸೋಮವಾರ ಎಡೆಯೂರಿನ ದೇವಸ್ಥಾನಕ್ಕೆ ಅಂತ ನಿಮ್ಮಮ್ಮ ಹಿಂದೆ ಕೂರುತ್ತಾಳೆ, ಒಂದೇ ಕಡೆ ಕಾಲು ಹಾಕಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಇದಕ್ಕೇ ಇದೆ. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡಲು ಜಾಗ, ಅವರ ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮುಚ್ಚುವ ರಕ್ಷಣೆ, ಇಷ್ಟೂ ಇರಲೇಬೇಕು. ಡೆಲಿವರಿ ತಗೊಂಡ ಮಾರನೇ ದಿನವೇ ಹುಡುಗರು ಸ್ಯಾರಿ ಗಾರ್ಡ್ ಬಿಚ್ಚಿ ಅಟ್ಟಕ್ಕೆ ಎಸೆಯುತ್ತಾರೆ. ನೀನು ಹಾಗೆ ಮಾಡಿದೆ ಅಂತ ನನ್ನ ಕಿವಿಗೆ ಬೀಳಬಾರದು.

ರಿಪೇರಿಯ ಲೆಕ್ಕ ಹಾಕು. ಚೈನ್ ಕಡಿದುಹೋದರೆ ಕುಣಿಗಲ್ ಪೇಟೆಯಲ್ಲಿ ಯಾವ ಬೈಕ್ ಮೆಕ್ಯಾನಿಕ್ ಹತ್ತಿರ ಹೋದರೂ ಕೆಲಸ ಆಗುತ್ತದೆ. ಚೈನ್ ಸ್ಪ್ರಾಕೆಟ್ ಸೆಟ್ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. ದಾರಿಯಲ್ಲೇ ಕಡಿದರೂ ಸೀಟಿನ ಕೆಳಗೆ ಒಂದು ಚೈನ್ ಲಾಕ್ ಇಟ್ಟುಕೊಂಡಿದ್ದರೆ ಇಕ್ಕಳದಲ್ಲಿ ಜೋಡಿಸಿ ಮನೆ ಸೇರಬಹುದು. ಬೆಲ್ಟಿಗೆ ಜೋಡಣೆಯೇ ಇಲ್ಲ, ಅದು ಒಂದೇ ಸುತ್ತು. ಆ ಗಾಡಿಗೆ ಆ ಅಳತೆಯ ಬೆಲ್ಟೇ ಬೇಕು, ಅದು ಕಂಪನಿಯ ಸರ್ವೀಸ್ ಸೆಂಟರಿನಿಂದಲೇ ಬರಬೇಕು. ಬೇರೆ ಗಾಡಿಯದ್ದು ಕೂರುವುದಿಲ್ಲ. ಕೆಲವು ಗಾಡಿಗಳಲ್ಲಿ ಚಕ್ರದ ಜೊತೆಗೆ ಹಿಂದಿನ ಕೈಯನ್ನೂ, ಅಂದರೆ ಸ್ವಿಂಗ್ ಆರ್ಮನ್ನೂ, ಬಿಚ್ಚಿಯೇ ಹೊಸ ಬೆಲ್ಟ್ ಹಾಕಬೇಕಾಗುತ್ತದೆ. ಬೆಳಿಗ್ಗೆ ಆರಕ್ಕೆ ಡೇರಿಗೆ ಹಾಲು ಹೋಗಬೇಕಾದ ಮನೆಯಲ್ಲಿ ಗಾಡಿ ಎರಡು ದಿನ ನಿಂತರೆ ಏನಾಗುತ್ತದೆ ಅಂತ ನಿನಗೇ ಗೊತ್ತು.

ಆದರೂ ಬೆಲ್ಟಿನ ಪರವಾಗಿ ಒಂದು ದೊಡ್ಡ ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ವೇಗದಲ್ಲಿದ್ದಾಗ ಬೆಲ್ಟ್ ಕಡಿದರೆ ಸಾಮಾನ್ಯವಾಗಿ ಎಳೆತ ನಿಂತು ಗಾಡಿ ತಾನಾಗಿ ನಿಧಾನವಾಗುತ್ತದೆ. ಚೈನ್ ಕಡಿದರೆ ಅದು ಮುಂದಿನ ಸ್ಪ್ರಾಕೆಟಿಗೆ ಸುತ್ತಿಕೊಂಡು ಇಂಜಿನ್ನಿನ ಕೇಸನ್ನೇ ಒಡೆಯಬಹುದು, ಹಿಂದಿನ ಚಕ್ರಕ್ಕೆ ಸಿಕ್ಕಿ ಅದನ್ನು ಹಿಡಿದು ನಿಲ್ಲಿಸಬಹುದು. ಹೆದ್ದಾರಿಯಲ್ಲಿ ಹಿಂದೆ ಲಾರಿ ಇರುವಾಗ ಚಕ್ರ ಹಿಡಿದುಕೊಂಡರೆ ಜೀವಕ್ಕೇ ಸಂಚಕಾರ. ಸವೆದ ಚೈನಿನ ಮೇಲೆ ಇನ್ನೊಂದು ತಿಂಗಳು ತಳ್ಳೋಣ ಅನ್ನುವುದು ಇದಕ್ಕೇ ಬೇಡ. ಚೈನ್ ತಗೊಂಡರೆ ಅದನ್ನು ನೋಡಿಕೊಳ್ಳುವ ಕೆಲಸವನ್ನೂ ಜೊತೆಗೇ ತಗೊಂಡ ಹಾಗೆ. ಆ ಕೆಲಸ ಮಾಡಲಾರೆ ಅನ್ನುವುದಾದರೆ ಈಗಲೇ ಹೇಳು, ಬೆಲ್ಟೇ ತಗೋ ಅನ್ನುತ್ತೇನೆ.

ನೋಡಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ದಿನಕ್ಕೆ ಹೋಗಿ ಬರಲು ಸುಮಾರು ನೂರು ಕಿಲೋಮೀಟರ್ ಆಗುತ್ತದೆ ನಿನಗೆ. ಐನೂರು ಆರುನೂರು ಕಿಲೋಮೀಟರಿಗೊಮ್ಮೆ ಚೈನಿಗೆ ಎಣ್ಣೆ ಬೇಕು. ಅಂದರೆ ವಾರಕ್ಕೊಮ್ಮೆ. ಭಾನುವಾರ ಅಂತ ಇಟ್ಟುಕೊ. ಸೀಮೆಎಣ್ಣೆಯೋ ಡೀಸೆಲ್ಲೋ ಬಟ್ಟೆಗೆ ಹಾಕಿ ಕೊಳೆ ಒರೆಸು. ಓ-ರಿಂಗ್ ಇರುವ ಚೈನ್ ಆದರೆ ಪೆಟ್ರೋಲ್ ಮುಟ್ಟಿಸಬೇಡ, ತಂತಿ ಬ್ರಷ್ ಹಾಕಬೇಡ. ಪಿನ್ನಿನೊಳಗೆ ಕಂಪನಿಯವರು ತುಂಬಿದ ಗ್ರೀಸನ್ನು ಹಿಡಿದಿಟ್ಟಿರುವುದೇ ಆ ಸಣ್ಣ ರಬ್ಬರ್ ಬಳೆಗಳು, ಅವು ಹೋದರೆ ಎಲ್ಲ ಹೋದಂತೆ. ಒಣಗಿದ ಮೇಲೆ ತೊಂಬತ್ತರ ಗೇರ್ ಆಯಿಲ್ ಹಾಕು. ಚೈನಿನ ಹೊರಮೈಗಿಂತ ಒಳಬದಿಗೆ, ಪ್ಲೇಟುಗಳ ಸಂದಿಗೆ ಹನಿಸು, ಚಕ್ರ ತಿರುಗುವಾಗ ಅದು ತಾನೇ ಹೊರಕ್ಕೆ ಹರಿಯುತ್ತದೆ. ಉಳಿದದ್ದನ್ನು ಒರೆಸಿಬಿಡು. ಮೇಲೆ ಜಿನುಗುವ ಎಣ್ಣೆ ಧೂಳು ಹಿಡಿಯಲಿಕ್ಕೆ ಮಾತ್ರ ಉಪಯೋಗ. ಇಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲನ್ನು ಪುಕ್ಕಟೆ ಸಿಗುತ್ತದೆ ಅಂತ ಚೈನಿಗೆ ಹಾಕುವವರು ನಮ್ಮಲ್ಲಿ ಬಹಳ. ಅದರಲ್ಲಿ ಮಸಿಯೂ ಇರುತ್ತದೆ, ಲೋಹದ ಪುಡಿಯೂ ಇರುತ್ತದೆ, ಹಾಕಬೇಡ. ವಾಟರ್ ಸರ್ವೀಸ್ ಮಾಡಿಸಿದ ದಿನ ವಾರ ನೋಡದೆ ಎಣ್ಣೆ ಹಾಕು. ಬೆಲ್ಟಿಗೆ ಮಾತ್ರ ಯಾವ ಎಣ್ಣೆಯನ್ನೂ ತೋರಿಸಬಾರದು. ನಿನ್ನ ತಂಗಿಗೂ ಇದನ್ನು ಹೇಳು, ಪಕ್ಕದ ಮನೆಯವರು ಒಳ್ಳೇದಕ್ಕೇ ಅಂತ ಹಚ್ಚಿಬಿಟ್ಟಾರು.

ಇಂಜಿನ್ ಓಡುತ್ತಿರುವಾಗ ಚೈನ್ ಮುಟ್ಟಬೇಡ. ಇದನ್ನು ಬೇರೆ ಸಾಲಿನಲ್ಲಿ ಬರೆಯುತ್ತಿರುವುದು ನಿನಗೆ ಎದ್ದು ಕಾಣಲಿ ಅಂತ. ಡಬಲ್ ಸ್ಟ್ಯಾಂಡ್ ಹಾಕಿ, ಮೊದಲನೇ ಗೇರಿನಲ್ಲಿ ಚಕ್ರ ತಿರುಗಲು ಬಿಟ್ಟು, ಬಟ್ಟೆ ಹಿಡಿದು ಒರೆಸುವ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಟ್ಟೆ ಸ್ಪ್ರಾಕೆಟಿಗೆ ಸಿಕ್ಕಿದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಹೊತ್ತು ಇರುವುದಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಇನ್ನೂ ಮೋಸ, ಆನ್ ಆಗಿರುವುದು ಕಿವಿಗೆ ಗೊತ್ತಾಗುವುದಿಲ್ಲ, ಯಾರೋ ಥ್ರಾಟಲ್ ಮುಟ್ಟಿದರೆ ಮುಗಿಯಿತು. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ನ್ಯೂಟ್ರಲಿನಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸು. ಮಕ್ಕಳು ಹತ್ತಿರ ಇದ್ದರೆ ಕೆಲಸವನ್ನೇ ಮುಂದೂಡು.

ಚೈನ್ ಮುಗಿದಿದೆಯೋ ಇಲ್ಲವೋ ಅಂತ ಮೆಕ್ಯಾನಿಕ್ಕನ್ನು ಕೇಳುವ ಮೊದಲು ನೀನೇ ಅಳೆ. ನಮ್ಮ ಸಣ್ಣ ಗಾಡಿಗಳಿಗೆ ಹೆಚ್ಚಾಗಿ ಬರುವುದು 428 ನಂಬರಿನ ಚೈನ್. ಅದರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್, ಸರಿಯಾಗಿ ಅರ್ಧ ಇಂಚು. ಚೈನನ್ನು ಬಿಗಿಯಾಗಿ ಎಳೆದು ಹಿಡಿದು ಇಪ್ಪತ್ತೊಂದು ಪಿನ್ ಎಣಿಸು. ಮೊದಲ ಪಿನ್ನಿನ ನಡುವಿನಿಂದ ಕೊನೆಯ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ 254 ಮಿಲಿಮೀಟರ್ ಬರುತ್ತದೆ. 259ರ ಹತ್ತಿರ ಬಂತೋ, ನೂರಕ್ಕೆ ಎರಡು ಪಾಲು ಸವೆದಿದೆ, ಅದರ ಕಾಲ ಮುಗಿಯಿತು. ಆಮೇಲೆ ಒಂದು ಕೊಂಡಿ ಕತ್ತರಿಸಿ ಬಿಗಿ ಮಾಡಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಬರೀ ಚೈನ್ ಹೊಸದು ಹಾಕಿಸಿ ಹಳೇ ಸ್ಪ್ರಾಕೆಟ್ ಉಳಿಸುವುದೂ ದಂಡ, ಕೊಕ್ಕೆಯಾದ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುತ್ತದೆ. ಚೈನ್, ಮುಂದಿನ ಹಿಂದಿನ ಸ್ಪ್ರಾಕೆಟ್ ಮೂರನ್ನೂ ಸೆಟ್ಟಾಗಿ ಹಾಕಿಸು. ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಖ ಮಾಡಿರಬೇಕು. ಅಂಗಡಿಯಿಂದ ಹೊರಡುವ ಮೊದಲು ನೀನೇ ಬಗ್ಗಿ ನೋಡು. ತಿರುಗಿಸಿ ಹಾಕಿದ್ದರೆ ಏನಾದರೂ ತಾಕಿದಾಗ ಕಳಚಿ ಬೀಳುತ್ತದೆ.

ತಂಗಿಯ ವಿಷಯಕ್ಕೆ ಬಂದರೆ, ಅವಳ ಓಡಾಟ ಬಟವಾಡಿಯಿಂದ ಟೌನ್‌ಹಾಲ್‌ವರೆಗೆ, ಬಿ.ಎಚ್. ರಸ್ತೆಯ ಮೇಲೆ. ಜಲ್ಲಿಯಿಲ್ಲ, ಒಕ್ಕಣೆಯಿಲ್ಲ, ಹಾಲಿನ ಕ್ಯಾನಿಲ್ಲ. ಭಾನುವಾರ ಕೂತು ಚೈನ್ ಒರೆಸುವ ಪುರುಸೊತ್ತು ಓದುವ ಹುಡುಗಿಗೆ ಯಾಕೆ ಬೇಕು? ಬೆಲ್ಟಿನ ಎಲೆಕ್ಟ್ರಿಕ್ ಸ್ಕೂಟರ್ ಅವಳಿಗೆ ಹೇಳಿ ಮಾಡಿಸಿದಂತೆ ಇದೆ. ಸರ್ವೀಸ್ ಸೆಂಟರ್ ಊರಿನಲ್ಲೇ ಇರುವ ಕಂಪನಿಯದ್ದನ್ನು ಆರಿಸಿಕೊಳ್ಳಲಿ. ಬೆಲ್ಟ್ ದಾಸ್ತಾನಿದೆಯಾ, ಬೆಲೆ ಎಷ್ಟು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಕೊಳ್ಳುವ ಮೊದಲೇ ಕೇಳಿ ಬರೆಸಿಕೊಳ್ಳಲಿ. ತಿಂಗಳಿಗೊಮ್ಮೆ ಬೆಲ್ಟಿನ ಎರಡೂ ಮೈ ನೋಡಿದರೆ ಸಾಕು. ಹಲ್ಲಿನ ಬುಡದಲ್ಲಿ ಬಿರುಕು, ಅಂಚಿನಲ್ಲಿ ನೂಲು ಎದ್ದಿರುವುದು, ಕಲ್ಲು ಚುಚ್ಚಿದ ಗುರುತು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ಹೊರಡುವಾಗ ಕಟಕಟ ಅಂತ ಹಲ್ಲು ಹಾರಿದ ಸದ್ದು ಬಂದರೆ ಬೆಲ್ಟ್ ಸಡಿಲವಾಗಿದೆ ಅಂತ ಅರ್ಥ. ಅದನ್ನು ಮನೆಯಲ್ಲಿ ಬಿಗಿ ಮಾಡಲು ಹೋಗಬಾರದು, ಬೆಲ್ಟಿನ ಬಿಗಿಗೆ ಅಳತೆಯಿದೆ, ಎರಡೂ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ ಅಂಚು ತಿಂದುಹೋಗುತ್ತದೆ. ನಾಳೆ ನೀನೇ ನೆಲಮಂಗಲದಲ್ಲಿ ರೂಮ್ ಮಾಡಿಕೊಂಡು, ಹಾಲಿನ ಕೆಲಸ ನಿಮ್ಮಪ್ಪ ತನ್ನ ಎಕ್ಸ್‌ಎಲ್ ಮೊಪೆಡ್ಡಿನಲ್ಲೇ ನೋಡಿಕೊಳ್ಳುತ್ತೇನೆ ಅಂದರೆ, ನಿನಗೂ ಬೆಲ್ಟೇ ಸರಿ ಅನ್ನುತ್ತೇನೆ.

ಇನ್ನೊಂದು ವಿಷಯ ಮೆಕ್ಯಾನಿಕ್ಕುಗಳೂ ಮರೆಯುತ್ತಾರೆ. ಚೈನ್ ಸಡಿಲ ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ಸಣ್ಣ ಗಾಡಿಗಳಿಗೆ ಹೆಚ್ಚಾಗಿ 20ರಿಂದ 30 ಮಿಲಿಮೀಟರ್, ಕೆಳಗಿನ ಸಾಲಿನ ನಡುಭಾಗವನ್ನು ಬೆರಳಿನಿಂದ ಎತ್ತಿ ಇಳಿಸಿ ನೋಡಿದಾಗ. ಚಕ್ರವನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳೆಯಬೇಕು, ಯಾಕೆಂದರೆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಎರಡೂ ಪಕ್ಕದ ಅಡ್ಜಸ್ಟರಿನ ಗುರುತು ಒಂದೇ ಗೆರೆಗೆ ಬರಬೇಕು. ಖಾಲಿ ಗಾಡಿಗೆ ಸರಿಯಾಗಿ ಕಂಡ ಚೈನ್, ಹಿಂದೆ ತುಂಬಿದ ಕ್ಯಾನ್ ಕಟ್ಟಿ ನೀನೂ ಕೂತಾಗ ಶಾಕ್ ಅಬ್ಸಾರ್ಬರ್ ಕುಸಿದು ಬಿಗಿಯಾಗುತ್ತದೆ. ಹಿಂದಿನ ಆಕ್ಸಲ್, ಸ್ವಿಂಗ್ ಆರ್ಮಿನ ಕೀಲು, ಮುಂದಿನ ಸ್ಪ್ರಾಕೆಟ್ ಮೂರೂ ಒಂದೇ ನೇರಕ್ಕೆ ಬಂದಾಗ ಬಿಗಿ ಎಲ್ಲಕ್ಕಿಂತ ಹೆಚ್ಚು. ಆಗ ಗುಂಡಿಗೆ ಇಳಿದರೆ ಗೇರ್‌ಬಾಕ್ಸಿನ ಬೇರಿಂಗಿಗೇ ಪೆಟ್ಟು. ಆದ್ದರಿಂದ ಪುಸ್ತಕದ ಅಳತೆಯಲ್ಲಿ ಸಡಿಲದ ಕಡೆಯ ಅಂಚಿಗೆ ಇಡಿಸು. ಮೊದಲ ಸರ್ವೀಸಿಗೆ ಹೋಗುವ ಮುಂಚೆ ಮನೆಯಲ್ಲಿ ಕ್ಯಾನ್ ಕಟ್ಟಿಕೊಂಡು, ತಂಗಿಯನ್ನು ಪಕ್ಕದಲ್ಲಿ ನಿಲ್ಲಿಸಿ, ನೀನು ಸೀಟಿನ ಮೇಲೆ ಕೂತು ಕಾಲು ನೆಲಕ್ಕೆ ಊರಿ, ಗಾಡಿ ಆಫ್ ಇರುವಾಗ ಅವಳ ಕೈಯಲ್ಲೇ ಕಡ್ಡಿ ಕೊಟ್ಟು ಕೆಳಗಿನ ಸಾಲು ಎಷ್ಟು ಆಡುತ್ತದೆ ಅಂತ ನೋಡಿಸು. ಕವರಿನ ಕೆಳಗೆ ಅದಕ್ಕಾಗಿಯೇ ರಬ್ಬರ್ ಮುಚ್ಚಳದ ಒಂದು ಕಿಂಡಿ ಇರುತ್ತದೆ. ಆ ಅಳತೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಸರ್ವೀಸಿನವರ ಮುಂದೆ ಇಡು, ಭಾರ ಬಿದ್ದಾಗಲೂ ಸಡಿಲ ಉಳಿಯುವ ಹಾಗೆ ಇಡಿ ಅಂತ ಹೇಳು.